ಟವೆಲ್ಲಿನ ಕೆಳಗಿನ ನಕ್ಷತ್ರ

ಮುಖದಿಂದ ಶುರು ಮಾಡಿದರೆ ಸುಳ್ಳು ಬರೆದುಬಿಡುತ್ತೇನೆ. ಅವರ ಮುಖ ಈಗ ಪಡಸಾಲೆಯ ಗೋಡೆಗೆ ತೂಗುಹಾಕಿದ ಫೋಟೋದ ಮುಖವಾಗಿಬಿಟ್ಟಿದೆ. ಅದರಲ್ಲಿ ಅವರು ಬದುಕಿದ್ದಾಗ ಎಂದೂ ಇರದಷ್ಟು ಶಾಂತವಾಗಿದ್ದಾರೆ. ಆದ್ದರಿಂದ ಕೈಯಿಂದ ಶುರು ಮಾಡುತ್ತೇನೆ. ಎರಡೂ ಹೆಬ್ಬೆರಳುಗಳ ತುದಿ ಚಪ್ಪಟೆ, ಸವೆದ ಮೆಟ್ಟಿಲಿನಂತೆ ನುಣುಪು. ಒಂದು ಚಿಟಿಕೆ ಹತ್ತಿ ತೆಗೆದು, ಎರಡು ಹೆಬ್ಬೆರಳ ನಡುವೆ ಹಿಡಿದು, ಮೆಲ್ಲಗೆ ಎಳೆದು, ಎಳೆಯ ಉದ್ದವೆಷ್ಟು ಎಂದು ಹೇಳುವುದೇ ಬದುಕಾದವರ ಬೆರಳುಗಳು ಅವು.

ಆದವಾನಿಯ ಹತ್ತಿ ಮಾರ್ಕೆಟ್‌ನಲ್ಲಿ ಅವರು ದಲ್ಲಾಳಿ, ಓಣಿಗೆಲ್ಲ ಸಾವ್ಕಾರ್ರು. ಹೊಲವಿತ್ತು, ಜಿನ್ನಿಂಗ್ ಮಿಲ್ಲೊಂದರಲ್ಲಿ ಪಾಲಿತ್ತು. ಆದರೂ ಯಾರಾದರೂ ಕೇಳಿದರೆ ದಲ್ಲಾಳಿ ಎಂದೇ ಹೇಳಿಕೊಳ್ಳುತ್ತಿದ್ದರು. "ನಾ ಮುಟ್ಟದ ಹತ್ತಿ ಆದವಾನಿ ದಾಟಿ ಹೋಗಿಲ್ಲ ತಮ್ಮಾ" ಎಂಬುದು ಅವರ ಮಾತು. ಅದು ನಿಜವಾಗಿರಲು ಸಾಧ್ಯವಿಲ್ಲ. ಆದರೆ ಅವರು ಹೇಳುವ ಧಾಟಿಗೆ ಎದುರಾಡಲು ನಮಗೇ ನಾಚಿಕೆಯಾಗುತ್ತಿತ್ತು. ವಿನಯ ಎಂಬುದು ಅವರ ಬಳಿ ಸುಳಿದದ್ದೇ ಇಲ್ಲ. ಕರೆದು ಕೂರಿಸಿ, ಚಹಾ ತರಿಸಿ, ತಮ್ಮ ಬಗ್ಗೆ ತಾವೇ ಒಳ್ಳೆಯದನ್ನು ಹೇಳುವರು. ಕೇಳಿದವನು ಎದ್ದು ಹೋಗುವಾಗ ಏನೋ ಲಾಭವಾದವನಂತೆ ಹೋಗುತ್ತಿದ್ದ.

ಅವರ ಕಾಲದ ಮಾರ್ಕೆಟ್‌ನಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಕೈಗೆ ಕೈ ಕೊಟ್ಟು ಮೇಲೊಂದು ಟವೆಲ್ಲು ಹಾಕಿಕೊಳ್ಳುವರು. ಒಳಗೆ ಒಬ್ಬ ಒಂದು ಬೆರಳು ಒತ್ತುವನು, ಇನ್ನೊಬ್ಬ ಮತ್ತೊಂದನ್ನು. ಯಾವ ಬೆರಳು, ಎಷ್ಟು ಸಲ ಎಂಬುದರಲ್ಲೇ ದರ. ಸುತ್ತ ನಿಂತ ಮಂದಿಗೆ ಕಾಣುವುದು ಟವೆಲ್ಲಿನ ಸಣ್ಣ ಅಲುಗಾಟ ಮಾತ್ರ. ಈಗ ದರ ಮೊಬೈಲಿಗೆ ಬರುತ್ತದೆ. ಟವೆಲ್ಲು ಹೆಗಲಿಗೆ ಮರಳಿದೆ. "ಕಣ್ಣು ಬಾಯಿಬಡಕ. ಬೆರಳು ಗುಟ್ಟು ಇಡ್ತೈತಿ" ಎನ್ನುತ್ತಿದ್ದರು. ಇದನ್ನು ಕನ್ನಡದಲ್ಲಿ ಹೇಳಿದರೋ ತೆಲುಗಿನಲ್ಲಿ ಹೇಳಿದರೋ, ಈಗ ನಿಶ್ಚಯವಿಲ್ಲ. ಅವರು ಒಂದೇ ವಾಕ್ಯದಲ್ಲಿ ಎರಡು ಭಾಷೆ ದಾಟುತ್ತಿದ್ದರು. ನನ್ನ ನೆನಪು ಎಲ್ಲವನ್ನೂ ಕನ್ನಡಕ್ಕೆ ತಿದ್ದಿಕೊಂಡಿದೆ.

ನಾನು ಹತ್ತಿರದ ಆಲೂರಿನವನು. ಆದವಾನಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸಲು ಬಂದಾಗ ಅವರ ಮಾಳಿಗೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಸಾಮಾನು ಇಳಿಸಿದ ರಾತ್ರಿಯೇ ಊಟ ಮುಗಿಸಿ ಹೊರಗೆ ಬಂದರೆ ಮಾಳಿಗೆಯ ಮೇಲೆ ಒಂದು ದೃಶ್ಯ. ಆಳೆತ್ತರದ ದುರ್ಬೀನು. ಅದರ ಬೆನ್ನಿಗೆ ಕಟ್ಟಿದ ಇನ್ನೊಂದು ಸಣ್ಣ ದುರ್ಬೀನಿಗೆ ಕಣ್ಣಿಟ್ಟು ನಿಂತ ಹೆಂಗಸು. ಕೆಳಗೆ ಮಣೆಯ ಮೇಲೆ ಕೂತ ಗಂಡಸು. ಬಲಗೈಯಲ್ಲಿ ಒಂದು ತಿರುಪು, ಎಡಗೈ ಆಕೆಯ ಕೈಯಲ್ಲಿ. ಎರಡೂ ಕೈಗಳ ಮೇಲೆ ಟವೆಲ್ಲು. ಮಾತಿಲ್ಲ. ಯಾರಿಗೋ ಮೈಯಲ್ಲಿ ಹುಷಾರಿಲ್ಲ, ನಾಡಿ ನೋಡುತ್ತಿದ್ದಾರೆ ಅಂದುಕೊಂಡು ಹಿಂದೆ ಸರಿದೆ.

ಮರುದಿನ ಅವರೇ ವಿವರಿಸಿದರು. ಆಕಾಶ ತಿರುಗುತ್ತದೆ, ಆದ್ದರಿಂದ ದುರ್ಬೀನನ್ನೂ ತಿರುಗಿಸುತ್ತಿರಬೇಕು. ದೊಡ್ಡದಕ್ಕೆ ಕ್ಯಾಮೆರಾ ಸಿಕ್ಕಿಸಿ ಒಂದೇ ಚಿತ್ರವನ್ನು ತುಂಬ ಹೊತ್ತು ತೆಗೆಯುವಾಗ ಕೂದಲೆಳೆಯಷ್ಟು ತಪ್ಪಿದರೂ ನಕ್ಷತ್ರ ಗೆರೆಯಾಗುತ್ತದೆ. ಅದಕ್ಕೇ ಸಣ್ಣ ದುರ್ಬೀನು. ಅದರಲ್ಲಿ ಒಬ್ಬರು ಯಾವುದಾದರೂ ಒಂದು ನಕ್ಷತ್ರವನ್ನು ಹಿಡಿದು, ಅಡ್ಡ ಉದ್ದದ ಎರಡು ಎಳೆಗಳು ಕೂಡುವ ಜಾಗದಿಂದ ಅದು ಸರಿಯುತ್ತಿದೆಯೇ ಎಂದು ಕಾಯುತ್ತಿರಬೇಕು. ಸರಿದರೆ ಇನ್ನೊಬ್ಬರು ತಿರುಪು ತಿರುಗಿಸಬೇಕು. ನೋಡುವವರು ಬಾಯಿಬಿಟ್ಟರೆ ಕಣ್ಣು ಅಲುಗುತ್ತದೆ. ಹಾಗಾಗಿ ಬೆರಳು. ತೋರುಬೆರಳು ಒತ್ತಿದರೆ ಪೂರ್ವಕ್ಕೆ, ಕಿರುಬೆರಳಾದರೆ ಪಶ್ಚಿಮಕ್ಕೆ, ನಡುಬೆರಳು ಮೇಲೆ, ಹೆಬ್ಬೆರಳು ಕೆಳಗೆ.

"ಅದು ಸರಿ ಸಾವ್ಕಾರ್ರ, ಟವೆಲ್ಲು ಯಾಕ? ಇಲ್ಲಿ ಯಾರಿಂದ ಮುಚ್ಚಿಡಬೇಕು?" ಎಂದೆ.

ಅವರು ಉತ್ತರಿಸುವ ಮೊದಲೇ ಒಳಗಿನಿಂದ ಅವರ ಹೆಂಡತಿ ಹೇಳಿದರು: "ಗಂಡಾ ಹೆಂಡ್ತಿ ಮಾಳಿಗಿ ಮ್ಯಾಲ ಕೈ ಹಿಡ್ಕೊಂಡು ನಿಂತ್ರ ಓಣಿ ಮಂದಿ ಏನಂತಾರಪ್ಪ?"

"ಟವೆಲ್ ಹಾಕಿದ್ರ ವ್ಯಾಪಾರ ಅಂತಾರ" ಎಂದರು ಸಾವ್ಕಾರ್ರು.

ಆಕೆ ಸರ್ಕಾರಿ ಶಾಲೆಯಲ್ಲಿ ತೆಲುಗು ಮಾಧ್ಯಮದ ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತರಾದವರು. ಓಣಿಗೆಲ್ಲ ಟೀಚರಮ್ಮ. ಗಂಡನೂ ಹಾಗೆಯೇ ಕರೆಯುತ್ತಿದ್ದರು, ಸ್ವಲ್ಪ ಚೇಷ್ಟೆಯಿಂದ, ಜಾಸ್ತಿ ಹೆಮ್ಮೆಯಿಂದ. ದುರ್ಬೀನಿನ ಹುಚ್ಚು ಯಾರದು ಮೊದಲು ಎಂಬುದಕ್ಕೆ ಆ ಮನೆಯಲ್ಲಿ ಎರಡು ಕತೆಗಳಿದ್ದವು. ನಾನು ಎರಡನ್ನೂ ಬೇರೆ ಬೇರೆ ದಿನ ನಂಬಿದ್ದೇನೆ. ಇಬ್ಬರೂ ಒಪ್ಪುತ್ತಿದ್ದ ಸಂಗತಿ ಒಂದೇ. ಬೇಸಿಗೆಯ ರಾತ್ರಿ ದಕ್ಷಿಣಕ್ಕೆ, ಮಿಲ್ಲುಗಳ ತಲೆಯ ಮೇಲೆ, ಮಂಜು ಮಂಜಾಗಿ ಕಾಣುವ ಒಂದು ಚುಕ್ಕೆ ಇದೆ. ಪುಸ್ತಕದಲ್ಲಿ ಅದು ಒಮೇಗಾ ಸೆಂಟಾರಿ, ಲಕ್ಷಗಟ್ಟಲೆ ನಕ್ಷತ್ರಗಳ ಗೊಂಚಲು. ಅವರ ಬಾಯಲ್ಲಿ ಅದು 'ಬಿಚ್ಚಿದ ಕಾಯಿ'. ದುರ್ಬೀನಿನಲ್ಲಿ ನೋಡಿದರೆ ನಿಜವಾಗಿಯೂ ಒಡೆದ ಹತ್ತಿಕಾಯಿಯೇ. ಆ ಕಾಯಿಯ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುವ ಚಿತ್ರ ಬೇಕೆಂದು ಪ್ರತಿ ಬೇಸಿಗೆ ಅವರಿಬ್ಬರೂ ಟವೆಲ್ಲು ಹಾಕಿಕೊಂಡು ನಿಲ್ಲುತ್ತಿದ್ದರು.

ಅಷ್ಟರಲ್ಲಿ ಟೀಚರಮ್ಮನ ಕಣ್ಣಿಗೆ ಕೇಡು ಬಂತು.

ಕುರುಡಲ್ಲ. ದೃಷ್ಟಿಯ ನಟ್ಟನಡುವೆ ಮಸಿ ಬಿದ್ದಿತ್ತು. ಗಡಿಯಾರದ ಅಂಚು ಕಾಣುತ್ತಿತ್ತು, ಮುಳ್ಳು ಕಾಣುತ್ತಿರಲಿಲ್ಲ. ಎದುರಿಗಿರುವವರ ಭುಜ ಕಾಣುತ್ತಿತ್ತು, ಮುಖ ಇಲ್ಲ. ಏನನ್ನಾದರೂ ನೋಡಬೇಕಾದರೆ ಅದರಿಂದ ಮುಖ ಪಕ್ಕಕ್ಕೆ ತಿರುಗಿಸಬೇಕು. ಇದು ಇನ್ನು ಸುಧಾರಿಸುವುದಿಲ್ಲ, ಇಷ್ಟರಲ್ಲೇ ನಿಂತರೆ ಪುಣ್ಯ ಎಂದು ಕರ್ನೂಲಿನ ಡಾಕ್ಟರು ಹೇಳಿ ಕಳಿಸಿದರು. ಎಳೆಗಳು ಕೂಡುವ ಜಾಗದಲ್ಲಿ ಒಂದು ಚುಕ್ಕೆಯನ್ನು ಹಿಡಿದಿಡುವುದು ಅಲ್ಲಿಗೆ ಮುಗಿಯಿತು. ಆಕೆ ಮಾಳಿಗೆ ಹತ್ತುವುದನ್ನು ಬಿಟ್ಟರು. ಕೇಳಿದರೆ ಮೊಣಕಾಲು ಎನ್ನುತ್ತಿದ್ದರು. ಅದೇ ಮೊಣಕಾಲಲ್ಲಿ ದಿನಾ ಬೆಳಿಗ್ಗೆ ಗುಡ್ಡದ ಬುಡದ ಗುಡಿಯವರೆಗೆ ನಡೆದು ಬರುತ್ತಿದ್ದರು.

ಸಾವ್ಕಾರ್ರು ಒಂದು ಸಂಜೆ ನನ್ನ ಕೋಣೆಗೆ ಬಂದು ಮಂಚದ ಮೇಲೆ ಕೂತರು. ನನ್ನ ಕೈ ಎಳೆದುಕೊಂಡು ಅದರ ಮೇಲೆ ಟವೆಲ್ಲು ಹಾಕಿದರು. ಮುಖ್ಯವಾದದ್ದನ್ನು ಹೇಳುವಾಗ ಅವರಿಗೆ ಅದು ಬೇಕೇ ಬೇಕು.

"ನಕ್ಷತ್ರ ನೋಡೂ ಕ್ಯಾಮೆರಾ ಮಾಡಬೇಕು. ಸಣ್ಣ ದುರ್ಬೀನಿಗೆ."

"ಗೈಡ್ ಕ್ಯಾಮೆರಾ ಅಂತ ರೆಡಿ ಸಿಗ್ತೈತಿ. ತರಿಸಿಬಿಡೂಣ್ರಿ."

"ತರಿಸಿದ್ದಕ್ಕ ನನ್ನ ಹೆಸರು ಹೇಳಾಕ ಬರ್ತೈತೇನು? ಹತ್ತಿ ಕೊಂಡವ ಹತ್ತಿ ಬೆಳದೆ ಅಂತಾನೇನು?"

ಜಿಪುಣತನ ಎಂದು ಅಂದುಕೊಂಡೆ. ಸ್ವಲ್ಪ ಇತ್ತು ಕೂಡ. ಆದರೆ ಅದಷ್ಟೇ ಅಲ್ಲ ಎಂಬುದು ತಿಳಿಯಲು ನನಗೆ ಒಂದು ಬೇಸಿಗೆ ಬೇಕಾಯಿತು.

ಸಿಸಿ ಕ್ಯಾಮೆರಾ ಹಾಕುವ ಅಂಗಡಿಯಿಂದ, ಮೊಬೈಲ್ ರಿಪೇರಿಯವನಿಂದ, ಕೊರಿಯರ್‌ನಿಂದ, ಒಂದೊಂದಾಗಿ ಸಾಮಾನು ಬಂತು. ಬೆಳಕು ಹಿಡಿಯುವ ಉಗುರಿನಗಲದ ಚಿಪ್ ಇರುವ ಕ್ಯಾಮೆರಾ ಬೋರ್ಡು. ಅಂಗೈಯಗಲದ ಕಂಪ್ಯೂಟರ್ ಬೋರ್ಡು. ತಿರುಪು ತಿರುಗಿಸಲು ಕೆಟ್ಟ ಪ್ರಿಂಟರಿನಿಂದ ಕಿತ್ತ ಎರಡು ಮೋಟಾರು. ಸಿಸಿ ಕ್ಯಾಮೆರಾದ ಅಂಗಡಿಯವನು, "ಕ್ಯಾ ಸೇಠ್, ಮಾಳಿಗಿ ಮ್ಯಾಲ ಕ್ಯಾಮೆರಾ ಆಕಾಶಕ್ಕ ತಿರುಗ್ಸಿ ಇಡ್ತೀರಂತ? ಕಳ್ಳ ಮ್ಯಾಲಿಂದ ಬರ್ತಾನೇನ್ರಿ?" ಎಂದು ಕೇಳಿದ್ದಕ್ಕೆ ಇವರು, "ಕಳ್ಳ ಅಲ್ಲೋ, ಕಳ್ಳಮಾಲು. ಭಾಳ ವರ್ಷದಿಂದ ಕೈಗೆ ಸಿಗವಲ್ದು" ಎಂದರು.

ಕ್ಯಾಮೆರಾ ಬೋರ್ಡಿನ ಪುಟ್ಟ ಮಸೂರವನ್ನು ತಿರುಚಿ ತೆಗೆದು, ಬರಿ ಚಿಪ್ಪನ್ನು ನೀರಿನ ಪೈಪಿನ ಜೋಡಣೆಯೊಳಗೆ ಕೂರಿಸಿ, ಆ ಜೋಡಣೆಯನ್ನು ಸಣ್ಣ ದುರ್ಬೀನಿಗೆ ಕಣ್ಣಿಡುವ ಜಾಗಕ್ಕೆ ಸಿಕ್ಕಿಸಿದೆವು. ಒಳಗೋಡೆಗೆ ಕಪ್ಪು ಬಟ್ಟೆ. ಬೆಸುಗೆಯ ಕೆಲಸ ಅವರದೇ. ಒಂದೊಂದು ತಂತಿಯನ್ನೂ ಬೆಸೆದ ಮೇಲೆ ಎರಡು ಹೆಬ್ಬೆರಳ ನಡುವೆ ಹಿಡಿದು ಹತ್ತಿಯಂತೆ ಎಳೆಯುವರು. ಅರ್ಧದಷ್ಟು ಕಿತ್ತು ಬರುತ್ತಿದ್ದವು. ಮತ್ತೆ ಬೆಸೆಯುವರು, ಮತ್ತೆ ಎಳೆಯುವರು. ನನಗೆ ತಲೆ ಕೆಡುತ್ತಿತ್ತು. ಆದರೆ ಅವರ ಎಳೆತಕ್ಕೆ ತಾಳಿದ ಬೆಸುಗೆ ಇವತ್ತಿಗೂ ಒಂದೂ ಬಿಟ್ಟಿಲ್ಲ. ಇದನ್ನು ನಾನು ಕಾಲೇಜಿನಲ್ಲಿ ಪ್ರತಿ ತಂಡಕ್ಕೂ ಹೇಳುತ್ತೇನೆ, ಅವರ ಹೆಸರು ಹೇಳದೆ, ಅವರದೇ ಸೊಕ್ಕಿನಲ್ಲಿ.

ಮೊದಲ ಸಲ ಕಂಪ್ಯೂಟರಿನ ಪರದೆಯ ಮೇಲೆ ನಕ್ಷತ್ರದ ಬದಲು ದಪ್ಪ ಹಗ್ಗವೊಂದು ಕಾಣಿಸಿತು. ಪರದೆಯ ಆ ತುದಿಯಿಂದ ಈ ತುದಿಗೆ, ಸುರುಳಿ ಸುತ್ತಿಕೊಂಡು. ಸುತ್ತಲೂ ಬಿಳಿ ಚುಕ್ಕೆಗಳ ರಾಶಿ. ನಾನು ಪ್ರೋಗ್ರಾಮನ್ನು ಹುಡುಕಿದೆ, ತಂತಿಗಳನ್ನು ಹುಡುಕಿದೆ. ಕೊನೆಗೆ ಡಬ್ಬಿ ಬಿಚ್ಚಿದರೆ ಒಳಗೆಲ್ಲ ಹತ್ತಿ. ಬೋರ್ಡಿಗೆ ಪೆಟ್ಟು ತಾಗಬಾರದೆಂದು ಒಳ್ಳೆಯ ಮಾಲನ್ನೇ ಆರಿಸಿ ತುಂಬಿದ್ದರು. ಬೋರ್ಡು ಆ ಹತ್ತಿಯಲ್ಲಿ ರಗ್ಗು ಹೊದ್ದವರಂತೆ ಬೆವರಿ ಕಾದಿತ್ತು, ಆ ಬಿಳಿ ಚುಕ್ಕೆಗಳೆಲ್ಲ ಅದರ ಕಾವಿನಿಂದ ಬಂದವು. ಒಂದು ಎಳೆ ಹಾರಿ ಚಿಪ್ಪಿನ ಮೇಲೆ ಕೂತಿತ್ತು.

ಅವರಿಗೆ ಬೇಜಾರಾದೀತು ಎಂದುಕೊಂಡೆ. ಅವರು ಪರದೆಗೆ ಮುಖ ಹತ್ತಿರ ತಂದು ಆ ಹಗ್ಗವನ್ನು ಉದ್ದಕ್ಕೂ ನೋಡಿ, "ಎಳಿ ಏನ್ ಉದ್ದ ಐತಿ ನೋಡು. ನಾ ಆರಿಸಿದ್ದು" ಎಂದರು.

ಹತ್ತಿ ತೆಗೆದೆವು. ಡಬ್ಬಿಗೆ ತೂತು ಕೊರೆದು ಗಾಳಿ ಬಿಟ್ಟೆವು. ಆಮೇಲೆ ಪರದೆಯ ಮೇಲೆ ಒಂದು ನಕ್ಷತ್ರ ಬಂತು, ಮಸುಕು, ಸಣ್ಣಗೆ ನಡುಗುತ್ತ. ಸಾವ್ಕಾರ್ರು ಎದ್ದು ನಿಂತರು. ಆ ಕ್ಷಣದಲ್ಲಿ ಅವರು ಏನೋ ಹೇಳಿದರು ಎಂದು ಬರೆಯಲು ಕೈ ತುಡಿಯುತ್ತದೆ. ಇಲ್ಲ. ಕೆಳಗೆ ಹೋಗಿ ಮಜ್ಜಿಗೆ ಕುಡಿದು ಬಂದರು.

ಇನ್ನು ಪ್ರೋಗ್ರಾಮು. ಕ್ಯಾಮೆರಾ ನಕ್ಷತ್ರವನ್ನು ನೋಡುತ್ತದೆ, ಎಷ್ಟು ಸರಿದಿದೆ ಎಂದು ಕಂಪ್ಯೂಟರ್ ಅಳೆಯುತ್ತದೆ, ಮೋಟಾರು ತಿರುಪನ್ನು ತಿರುಗಿಸುತ್ತದೆ. ನಾನು ಕೇಳಿದೆ: "ನಕ್ಷತ್ರ ಒಂದು ಪಾಲು ಸರಿದ್ರ ಮೋಟಾರಿಗೆ ಎಷ್ಟು ಹೇಳ್ಲಿ?"

"ಎರಡು ಹೇಳು" ಎಂದರು, ಯೋಚನೆಯನ್ನೇ ಮಾಡದೆ. "ಎರಡು ಕೇಳಿದ್ರ ಒಂದು ಸಿಗ್ತೈತಿ."

ತಿರುಪಿನ ಹಲ್ಲುಗಳಲ್ಲಿ ಸಡಿಲವಿತ್ತು. ಸ್ವಲ್ಪ ಹೆಚ್ಚು ಹೇಳುವುದೇ ಸರಿಯಿರಬಹುದು ಎನಿಸಿ ಹಾಗೆಯೇ ಬರೆದೆ. ಅಂದಿನ ಚಿತ್ರದಲ್ಲಿ ಪ್ರತಿ ನಕ್ಷತ್ರವೂ ಅವಳಿಜವಳಿ. ಮೋಟಾರು ಒಮ್ಮೆಯೂ ಬೇಡಿದ್ದಕ್ಕಿಂತ ಕಡಿಮೆ ಕೊಟ್ಟಿರಲಿಲ್ಲ. ನಕ್ಷತ್ರ ಎಷ್ಟು ಪೂರ್ವಕ್ಕೆ ಸರಿದಿತ್ತೋ ಅಷ್ಟೇ ಪಶ್ಚಿಮಕ್ಕೆ ತಳ್ಳಿ, ಅಲ್ಲಿಂದ ಮತ್ತೆ ಪೂರ್ವಕ್ಕೆ ತಳ್ಳಿ, ಇಡೀ ಹೊತ್ತು ಉಯ್ಯಾಲೆ ಆಡಿಸಿತ್ತು.

"ಒಂದ್ ಚುಕ್ಕಿಗೆ ಎರಡು ಕೊಟ್ಟೈತಿ. ಲಾಭಾನ ಐತಲ್ಲ" ಎಂದರು ಸಾವ್ಕಾರ್ರು. ಆದರೆ ದನಿಯಲ್ಲಿ ಎಂದಿನ ಜೋರು ಇರಲಿಲ್ಲ.

ಟೀಚರಮ್ಮ ಮೆಟ್ಟಿಲ ತುದಿಯಲ್ಲಿ ನಿಂತಿದ್ದರು. ಯಾವಾಗ ಬಂದಿದ್ದರೋ ತಿಳಿಯದು. ಮೋಟಾರಿನ ಸದ್ದು ಕೇಳಿಯೇ ಅವರಿಗೆ ಎಲ್ಲ ಅರ್ಥವಾಗಿತ್ತು. ಬುರ್ ಎಂದು ಈ ಕಡೆ, ಬುರ್ ಎಂದು ಆ ಕಡೆ.

"ನಿಮ್ಮ ಯಂತ್ರ ಚೌಕಾಸಿ ಮಾಡಾಕತ್ತೈತ್ರಿ" ಎಂದು ನಗತೊಡಗಿದರು. ಮಾಳಿಗೆ ಬಿಟ್ಟ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಎದುರಿಗೆ ಇರೋದು ವ್ಯಾಪಾರಿ ಅಲ್ಲ, ಮೋಟಾರು. ಅದು ಕೇಳಿದಷ್ಟು ಕೊಟ್ಟುಬಿಡ್ತೈತಿ."

"ನೀ ಹೆಂಗ ಮಾಡ್ತಿದ್ದಿ ಹಂಗಾದ್ರ?"

"ನೀವು ಹಿಡಿದ ತಿರುಪು ಯಾವತ್ತೂ ಜಾಸ್ತೀನ ತಿರುಗ್ತಿತ್ತು. ಅದಕ್ಕ ಬೇಕಾದದ್ದರಾಗ ಅರ್ಧ ಕೇಳ್ತಿದ್ದೆ. ಅದೂ ತಕ್ಷಣ ಅಲ್ಲ. ಚುಕ್ಕಿ ಗಾಳಿಗೆ ಮಿಣಿಮಿಣಿ ಅಂತಿರ್ತೈತಿ, ಅದು ಸರಿದದ್ದಲ್ಲ. ಸ್ವಲ್ಪ ತಡದು, ನಿಜವಾಗ್ಲೂ ಹೊಂಟತಿ ಅಂತಾದ್ರ ಬೆರಳು ಒತ್ತಬೇಕು."

ಇಷ್ಟು ವರ್ಷ ತಮ್ಮ ಕೈಯೊಳಗೆ ನಡೆದ ವ್ಯಾಪಾರದಲ್ಲಿ ಅರ್ಧಕ್ಕೆ ಅರ್ಧ ಕಡಿತವಾಗಿತ್ತೆಂದು ಆ ದಲ್ಲಾಳಿಗೆ ಅಂದೇ ಗೊತ್ತಾಯಿತು. ಹೆಂಡತಿಯ ಕಡೆ ತಿರುಗಿ, "ಮಾರ್ಕೆಟ್‌ನಾಗ ಕುಂದ್ರಸಬೇಕಿತ್ತು ನಿನ್ನ" ಎಂದರು.

ಇಷ್ಟಾದ ಮೇಲೆ ನನ್ನ ಕೆಲಸ ಸುಲಭ. 'ಎರಡು' ಇದ್ದಲ್ಲಿ 'ಅರ್ಧ' ಎಂದು ಬರೆದರೆ ಮುಗಿಯಿತು. ಮರುದಿನ ಬೆಳಿಗ್ಗೆ ಅದನ್ನೇ ಹೇಳಲು ಹೋದೆ. ಸಾವ್ಕಾರ್ರು ತಲೆಯಾಡಿಸಿದರು.

"ಅರ್ಧ ಮಾಡೂದು ಆಕಿ ಕೆಲಸ. ಯಂತ್ರ ಆಕಿಗೆ ಬರೀ ಸುದ್ದಿ ಹೇಳ್ಲಿ."

"ಆಕಿಗೆ ಪರದೆ ಕಾಣೂದಿಲ್ಲಲ್ರಿ."

"ಬೆರಳು ಅದಾವಲ್ಲ."

ಆಗ ತಿಳಿಯಿತು, ಕೊಂಡು ತಂದ ಕ್ಯಾಮೆರಾ ಏಕೆ ಬೇಡವಾಗಿತ್ತೆಂದು. ಅದಕ್ಕೆ ಬೆರಳು ಒತ್ತಲು ಬರುತ್ತಿರಲಿಲ್ಲ. ಆದರೂ ನಾನು ವಾದಿಸಿದೆ. ಯಂತ್ರವೇ ಮಾಡಬಲ್ಲ ಕೆಲಸದ ನಡುವೆ ಮನುಷ್ಯರನ್ನು ತೂರಿಸುವುದು ಹಿಂದಕ್ಕೆ ನಡೆದಂತೆ ಎಂದೆ. ನನ್ನ ಪಾಠವೇ ಅದು.

"ಯಂತ್ರ ಮಾಡ್ತೈತಿ, ನನಗೂ ಗೊತ್ತು. ಮಾಡಬೇಕಂತ ಯಂತ್ರಕ್ಕ ಆಸಿ ಐತೇನು?"

ಮೊಬೈಲನ್ನು ನಡುಗಿಸುವ ಪುಟ್ಟ ಮೋಟಾರುಗಳಿರುತ್ತವಲ್ಲ, ಜೋಳದ ಕಾಳಿನಷ್ಟು, ಅವನ್ನು ರಿಪೇರಿ ಅಂಗಡಿಯಿಂದ ತಂದೆವು. ಎಮ್ಮಿಗನೂರಿನ ಕೈಮಗ್ಗದ ಬಟ್ಟೆಯಲ್ಲಿ ಒಂದು ಕೈಗವಸು ಹೊಲಿಸಿದೆವು, ಎಡಗೈಗೆ ತೊಡುವಂಥದ್ದು. ನಾಲ್ಕು ಬೆರಳಿಗೆ ನಾಲ್ಕು ಮೋಟಾರು, ಉಂಗುರದ ಬೆರಳೊಂದು ಖಾಲಿ. ನಕ್ಷತ್ರ ಸರಿದರೆ ಆಯಾ ಬೆರಳಿಗೆ ತಟ್ಟುತ್ತದೆ. ಒಂದು ಪಾಲು ಸರಿದರೆ ಎರಡು ಸಲ. ಆ 'ಎರಡು' ಮಾತ್ರ ಅವರು ಬಿಡಲಿಲ್ಲ. ಆಕೆಯ ಬಲಗೈಗೆ ನಾಲ್ಕು ಗುಂಡಿಯ ಒಂದು ಡಬ್ಬಿ. ಒತ್ತಿದಷ್ಟು ಹೊತ್ತು ತಿರುಪಿನ ಮೋಟಾರು ತಿರುಗುತ್ತದೆ.

ಟೀಚರಮ್ಮ ಅದನ್ನು ಮುಟ್ಟಿಯೂ ನೋಡಲಿಲ್ಲ.

"ಏನಿದು? ಕಣ್ಣು ಹೋದಾಕಿಗೆ ಆಟಿಗಿ ಸಾಮಾನೇನು?" ದನಿ ಏರಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. "ಯಂತ್ರ ತಾನ ಮಾಡ್ತಿದ್ರ ಮಾಡ್ಲಿ. ನನಗ ಪುಣ್ಯಕ್ಕ ಕೆಲಸ ಬ್ಯಾಡ್ರಿ. ನನ್ನಿಂದ ಚಿತ್ರ ಚೊಲೋ ಬರ್ತೈತಿ ಅಂದ್ರ ಬರ್ತೀನಿ. ಇಲ್ಲಂದ್ರ ಮಾಳಿಗಿ ಹತ್ತಂಗಿಲ್ಲ."

ಅವರಿಗೆ ಬೇಕಾಗಿದ್ದದ್ದು ಸಮಾಧಾನವಲ್ಲ, ಪರೀಕ್ಷೆ. ಲೆಕ್ಕದ ಟೀಚರು. ಷರತ್ತು ಹಾಕಿದವರೂ ಅವರೇ. ಒಂದೇ ರಾತ್ರಿ ಎರಡು ಚಿತ್ರ. ಒಂದನ್ನು ಯಂತ್ರ ತಾನೇ ಕಾಯಬೇಕು, ಅದರಲ್ಲಿ 'ಎರಡ'ನ್ನು ತೆಗೆದು 'ಅರ್ಧ' ಹಾಕಿರಬೇಕು. ಸೋತ ಯಂತ್ರದ ಜೊತೆ ಸ್ಪರ್ಧೆ ಬೇಡ. ಇನ್ನೊಂದನ್ನು ಅವರು. ಯಾವುದು ಯಾರದೆಂದು ನಾನು ಯಾರಿಗೂ ಹೇಳಕೂಡದು.

ಮೇ ತಿಂಗಳು. ಊಟದ ಹೊತ್ತು ದಾಟಿದರೂ ಗಚ್ಚು ಕಾಲು ಸುಡುತ್ತಿತ್ತು. ಬಿಚ್ಚಿದ ಕಾಯಿ ಮಿಲ್ಲಿನ ಚಿಮಣಿಯ ಮೇಲೆ ಬಂದು ನಿಂತಿತ್ತು. ಮೊದಲು ಯಂತ್ರ, ಆಮೇಲೆ ಟೀಚರಮ್ಮ. ಆಕೆ ಕುರ್ಚಿಯಲ್ಲಿ ಕೂತು ಕೈಗವಸು ತೊಟ್ಟರು. ಸಾವ್ಕಾರ್ರು ಹೆಗಲಿನ ಟವೆಲ್ಲು ತೆಗೆದು ಆ ಕೈಯ ಮೇಲೆ ಹಾಸಿ ದೂರ ಸರಿದು ನಿಂತರು. ಆಗಾಗ ಬಿಸಿಗಾಳಿ ಒಂದು ಹೊಡೆತದಂತೆ ಬಂದು ದುರ್ಬೀನನ್ನು ಅಲುಗಿಸುತ್ತಿತ್ತು. ಯಂತ್ರದ ಸರದಿಯಲ್ಲಿ ಪ್ರತಿ ಗಾಳಿಗೂ ಮೋಟಾರು ಬುರ್ ಎಂದಿತ್ತು. ಈಗ ಗಾಳಿ ಬಂದರೆ ಮೌನ. ಟವೆಲ್ಲಿನ ಕೆಳಗೆ ಮೋಟಾರುಗಳು ಬೆರಳಿಗೆ ತಟ್ಟುವ ಸದ್ದು ಮಾತ್ರ, ಮುಚ್ಚಿದ ಡಬ್ಬಿಯಲ್ಲಿ ದುಂಬಿ ಇದ್ದಂತೆ. ಆಕೆ ಒತ್ತುವುದಿಲ್ಲ. ಗಾಳಿ ಹೋಗುತ್ತದೆ, ನಕ್ಷತ್ರ ತಾನಾಗಿಯೇ ಜಾಗಕ್ಕೆ ಬರುತ್ತದೆ. ಎಷ್ಟೋ ಹೊತ್ತಿನ ಮೇಲೆ ಒಮ್ಮೆ, ಚೂರೇ ಚೂರು, ಬುರ್.

ಸಾವ್ಕಾರ್ರು ನನ್ನ ಪಕ್ಕದಲ್ಲಿದ್ದರು. ಅವರ ಖಾಲಿ ಎಡಗೈಯ ಬೆರಳುಗಳು ಗಾಳಿಯಲ್ಲಿ ತಾವಾಗಿಯೇ ಮಡಚಿ ಬಿಚ್ಚುತ್ತಿದ್ದವು. ಇದು ನಾನು ನೋಡಿದ್ದೋ, ಆಮೇಲೆ ಸೇರಿಸಿಕೊಂಡದ್ದೋ? ಕತ್ತಲಿತ್ತು. ಅನುಮಾನ ಇಟ್ಟುಕೊಂಡೇ ಬರೆದಿದ್ದೇನೆ.

ಚಿತ್ರಗಳನ್ನು ಪಡಸಾಲೆಯ ಟೀವಿಗೆ ಹಾಕಿದೆ. ಟೀಚರಮ್ಮ ಟೀವಿಯ ಎದುರು ಕೂತು ಕಿಟಕಿಯ ಕಡೆ ಮುಖ ತಿರುಗಿಸಿದರು. ಹಾಗಾದರೆ ಮಾತ್ರ ಟೀವಿ ಕಾಣುತ್ತಿತ್ತು. ನಾನು ಒಂದು ಮೂಲೆಯನ್ನು ದೊಡ್ಡದು ಮಾಡಿ ತೋರಿಸಿದೆ. ಆಮೇಲೆ ಇನ್ನೊಂದು ಚಿತ್ರದ ಅದೇ ಮೂಲೆ.

"ಮೊದಲನೇದು ಅಕ್ಕಿ ಕಾಳು" ಎಂದರು ಕಿಟಕಿಗೆ ಹೇಳುವವರಂತೆ. "ಎರಡನೇದು ಸಜ್ಜಿ ಕಾಳು. ದುಂಡಗ ಅದಾವು. ಯಾರದು?"

"ನಿಮ್ಮದು ಟೀಚರಮ್ಮಾ."

"ಖರೇ ಹೇಳು."

"ಖರೇನ."

ಆಕೆ ಕೈಗವಸನ್ನು ಬಿಚ್ಚಿ, ಬೆರಳು ಬೆರಳು ನೇರ ಮಾಡಿ, ಮಡಚಿ, ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲಿಟ್ಟುಕೊಂಡರು. ಸಾವ್ಕಾರ್ರಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಮರುದಿನ ಮಾರ್ಕೆಟ್‌ನಲ್ಲಿ ಕಂಡಕಂಡವರಿಗೆ ಹೇಳಿದರು: "ನನ್ನ ಹೆಂಡ್ತಿ ಯಂತ್ರಾನ ಸೋಲಿಸಿದಳು. ಯಂತ್ರ ಮಾಡಿದವ ನಾನು. ಎರಡೂ ಕಡೆ ದಲ್ಲಾಳಿ ನಾನ."

ಸಿ. ಬೆಳಗಲ್‌ನ ಒಂದು ಮದುವೆಯಲ್ಲಿ ಊಟದ ಸಾಲಿನ ಉದ್ದಕ್ಕೂ ಮೊಬೈಲು ಹಿಡಿದುಕೊಂಡು ನಡೆದರು. ಅವರ ಭಾಮೈದ ಚಿತ್ರ ನೋಡಿ, "ಸಕ್ಕರಿ ಚೆಲ್ಲೇದೇನು ಮಾವಾ?" ಎಂದ. "ಹೌದೋ. ಮುತ್ತಿದ ಇರುವಿಗಳು ನೀವ" ಎಂದು ಮುಂದಿನ ಎಲೆಗೆ ಹೋದರು. ಆ ಚಿತ್ರದಲ್ಲಿ ಬಿಚ್ಚಿದ ಕಾಯಿಯ ಅಂಚಿನ ಎಳೆಗಳೆಲ್ಲ ಬಿಡಿಬಿಡಿಯಾಗಿದ್ದವು. ನಡುವೆ ಮಾತ್ರ ಇನ್ನೂ ಮುದ್ದೆ. "ಮುಂದಿನ ಬ್ಯಾಸಿಗಿ" ಎನ್ನುತ್ತಿದ್ದರು.

ಒಂದು ಮಾತು ಹೇಳಿಬಿಡಬೇಕು, ಇಲ್ಲವಾದರೆ ಈ ಕತೆ ತನಗೆ ತಾನೇ ಬೆಣ್ಣೆ ಹಚ್ಚಿಕೊಳ್ಳುತ್ತದೆ. ಗಾಳಿಗೆ ಕಾದು ನೋಡುವುದನ್ನು ಯಂತ್ರಕ್ಕೂ ಕಲಿಸಬಹುದು. ಕೆಲವೇ ಸಾಲಿನ ಪ್ರೋಗ್ರಾಮು, ಅಂಥದ್ದನ್ನು ಎಷ್ಟೋ ಜನ ಬರೆದಿದ್ದಾರೆ. ಅಂದು ಟೀಚರಮ್ಮ ಗೆದ್ದದ್ದು ಅಂದಿನ ಯಂತ್ರವನ್ನು. ಇದನ್ನು ಸಾವ್ಕಾರ್ರಿಗೂ ಹೇಳಿದ್ದೆ. ಅವರು ನನ್ನ ಕೈ ತೆಗೆದುಕೊಂಡು, ಟವೆಲ್ಲು ಹಾಕಿ, ಉಂಗುರದ ಬೆರಳನ್ನು ಒಮ್ಮೆ ಒತ್ತಿ ಬಿಟ್ಟರು. ಮಾರ್ಕೆಟ್‌ನಲ್ಲಿ ಅದಕ್ಕೇನು ದರವೋ ನನಗೆ ಗೊತ್ತಿಲ್ಲ. ಕೇಳಲಿಲ್ಲ. ಆ ಸಾಲುಗಳನ್ನು ನಾನು ಇವತ್ತಿಗೂ ಬರೆದಿಲ್ಲ.

ಹತ್ತಿ ಬರುವ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಾರ್ಕೆಟ್‌ನಲ್ಲಿ, ಮೂಟೆಗಳ ನಡುವೆ, ಒಂದು ಚಿಟಿಕೆ ಹತ್ತಿ ಎಳೆದು ನೋಡುತ್ತ ಕೂತಿದ್ದವರು ಹಾಗೆಯೇ ಪಕ್ಕಕ್ಕೆ ವಾಲಿದರಂತೆ. ಈ ಸಾವು ಅವರಿಗೆ ಎಷ್ಟು ಹೊಂದುತ್ತದೆಂದರೆ ಅದು ನಿಜವೇ ಎಂದು ನನಗೆ ಅನುಮಾನ. ಕೆಲವರು ಚಹಾ ಕುಡಿಯುತ್ತಿದ್ದರು ಎನ್ನುತ್ತಾರೆ.

ಈ ಬೇಸಿಗೆ ಶುರುವಾದ ಮೇಲೆ ಒಂದು ರಾತ್ರಿ ಟೀಚರಮ್ಮ ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲಿಗೆ ನಿಂತರು. ಒಂದು ಕೈಯಲ್ಲಿ ಆ ಕೈಗವಸು, ಇನ್ನೊಂದರಲ್ಲಿ ಗಂಡನ ಟವೆಲ್ಲು.

"ಕಾಯಿ ಬಿಚ್ಚೇತೇನು ತಮ್ಮಾ?"

ಹೊರಗೆ ಬಂದು ನೋಡಿದೆ. "ಚಿಮಣಿ ಮ್ಯಾಲ ಬಂದೈತ್ರಿ."

"ಹಂಗಾದ್ರ ಹಚ್ಚು. ನಡುವಿಂದು ಬಾಕಿ ಐತಿ."

ಬೋರ್ಡುಗಳಿಗೆ ಕರೆಂಟು ಕೊಟ್ಟೆ. ಕ್ಯಾಮೆರಾ ಒಂದು ನಕ್ಷತ್ರವನ್ನು ಹಿಡಿಯಿತು. ಆಕೆ ಕುರ್ಚಿಯಲ್ಲಿ ಕೂತು, ಕೈಗವಸು ತೊಟ್ಟು, ಟವೆಲ್ಲನ್ನು ತಾವೇ ಕೈಯ ಮೇಲೆ ಹಾಸಿಕೊಂಡರು. ನಾನು ದೊಡ್ಡ ದುರ್ಬೀನಿನ ಕ್ಯಾಮೆರಾ ಶುರು ಮಾಡಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟವೆಲ್ಲಿನ ಕೆಳಗೆ ದುಂಬಿಯ ಸದ್ದು.

ಆಕೆಯ ಮುಖ ಬೇರೆ ಕಡೆ ತಿರುಗಿತ್ತು. ನಕ್ಕರೋ ಇಲ್ಲವೋ ಕಾಣಲಿಲ್ಲ.

"ನೋಡು, ಈಗ್ಲೂ ಜಾಸ್ತೀನ ಕೇಳ್ತಾರ" ಎಂದರು.

"ಆ 'ಎರಡು' ತೆಗೆದುಬಿಡ್ಲೇನ್ರಿ? ಎಷ್ಟು ಸರಿದೈತೋ ಅಷ್ಟನ್ನ ತಟ್ಟಂಗ ಮಾಡ್ತೀನಿ. ನಿಮಗ ಸುಲಭ."

"ಬ್ಯಾಡ. ಇರ್ಲಿ. ಚೌಕಾಸಿ ಮಾಡ್ದಿದ್ರ ಇವ್ರ ಅಂತ ಹೆಂಗ ಗೊತ್ತಾಗ್ಬೇಕು?"

ಮತ್ತೆ ತಟ್ಟಿತು. ಆಕೆ ಗಾಳಿ ನಿಲ್ಲುವವರೆಗೆ ತಡೆದರು. ಆಮೇಲೆ ಬಲಗೈಯ ಗುಂಡಿಯನ್ನು ಮೆಲ್ಲಗೆ ಒತ್ತಿ, ಕೇಳಿದ್ದರಲ್ಲಿ ಅರ್ಧ ಕೊಟ್ಟು, ಕೈ ತೆಗೆದರು.